ಸುಖದ ವಿಶ್ಲೇಷಣೆ: ಜೈನಶಾಸ್ತ್ರದ ರತಿ-ಪ್ರಮೋದಗಳು ಮತ್ತು ಕನ್ನಡ ಕಾವ್ಯ

ಪ್ರಾಚೀನ ಕನ್ನಡ ಜೈನಕಾವ್ಯಗಳ ವಿಮರ್ಶೆಯಲ್ಲಿ 'ಭೋಗದಿಂದ ತ್ಯಾಗಕ್ಕೆ' ಎಂಬ ಸೂತ್ರವು ಬಹುಕಾಲದಿಂದ ಬಳಕೆಯಲ್ಲಿದೆ. ಕಥಾನಾಯಕನು ಮೊದಲು ಲೌಕಿಕ ಸುಖಗಳನ್ನು ಅನುಭವಿಸುತ್ತಾನೆ, ಯಾವುದೋ ಒಂದು ನಿಮಿತ್ತದಿಂದ ವೈರಾಗ್ಯ ತಾಳುತ್ತಾನೆ, ದೀಕ್ಷೆ ಪಡೆದು ಸದ್ಗತಿಯನ್ನು ಹೊಂದುತ್ತಾನೆ. ಕಥೆಯ ಚೌಕಟ್ಟನ್ನು ವಿವರಿಸಲು ಈ ಸೂತ್ರ ಸಾಕು. ಆದರೆ ಇದರ ಬೆನ್ನಿಗೇ ಇನ್ನೊಂದು ತೀರ್ಮಾನವೂ ಸೇರಿಕೊಳ್ಳುವುದುಂಟು: ಜೈನಧರ್ಮವು ಸುಖವನ್ನೇ ದೋಷವೆಂದು ಎಣಿಸುತ್ತದೆ, ಹಾಗಾಗಿ ಕವಿಗಳ ಶೃಂಗಾರವರ್ಣನೆಯು ಧರ್ಮಕ್ಕೆ ಹೊರಗಿನ ರಸಿಕತೆಯ ಫಲ ಎಂಬುದು. ಮೂಲಗ್ರಂಥಗಳ ಎದುರಿನಲ್ಲಿ ಈ ತೀರ್ಮಾನ ನಿಲ್ಲುವುದಿಲ್ಲ. ಅನಂತಜ್ಞಾನ, ಅನಂತದರ್ಶನ, ಅನಂತವೀರ್ಯಗಳೊಡನೆ ಅನಂತಸುಖವನ್ನೂ ಆತ್ಮನ ಸ್ವಭಾವವೆಂದು ಸಾರುವ ದರ್ಶನವು ಸುಖದ ವಿರೋಧಿಯಾಗಲು ಸಾಧ್ಯವಿಲ್ಲ. ಅದು ಮಾಡಿದ್ದು ಸುಖದ ನಿರಾಕರಣೆಗಿಂತ ಮುಖ್ಯವಾಗಿ ಸುಖದ ವಿಶ್ಲೇಷಣೆಯನ್ನು. ಆ ವಿಶ್ಲೇಷಣೆಯನ್ನು ಅರಿತು ಓದಿದರೆ ಪಂಪ, ಜನ್ನ, ರತ್ನಾಕರವರ್ಣಿಯರ ಭೋಗಪ್ರಸಂಗಗಳು ಬೇರೆಯೇ ಅರ್ಥವನ್ನು ಕೊಡುತ್ತವೆ.

ಸಾತ, ರತಿ, ಲೋಭ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯವು ಕರ್ಮಪ್ರಕೃತಿಗಳನ್ನು ಎಣಿಸುತ್ತದೆ. ಸುಖಕ್ಕೆ ಸಂಬಂಧಿಸಿದ ಮಾನಸಿಕ ಸಂಗತಿಗಳು ಅಲ್ಲಿ ಒಂದೇ ಕಡೆ ಇಲ್ಲ. ಎರಡು ಪ್ರತ್ಯೇಕ ಕರ್ಮಗಳಲ್ಲಿ ಹಂಚಿಹೋಗಿವೆ. ಹಿತವಾದ ಅನುಭವವನ್ನು ಉಂಟುಮಾಡುವುದು ವೇದನೀಯ ಕರ್ಮದ 'ಸಾತ' ಎಂಬ ಭೇದ. ಹಿತವಾದುದರ ಕಡೆಗೆ ಮನಸ್ಸು ತುಡಿಯುವಂತೆ ಮಾಡುವ 'ರತಿ'ಯಾದರೋ ಮೋಹನೀಯ ಕರ್ಮಕ್ಕೆ ಸೇರಿದುದು. ಮೋಹನೀಯದ ಇಪ್ಪತ್ತೆಂಟು ಭೇದಗಳಲ್ಲಿ ಚಾರಿತ್ರಮೋಹನೀಯದವು ಇಪ್ಪತ್ತೈದು. ಅವುಗಳಲ್ಲಿ ಕ್ರೋಧ, ಮಾನ, ಮಾಯಾ, ಲೋಭಗಳ ಹದಿನಾರು ಕಷಾಯಗಳು ಒಂದು ಗುಂಪು. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಹಾಗೂ ಮೂರು ವೇದಗಳ ಒಂಬತ್ತು ನೋಕಷಾಯಗಳು ಇನ್ನೊಂದು ಗುಂಪು. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ರತಿಯನ್ನು ದೇಶವೇ ಮೊದಲಾದ ವಿಷಯಗಳಲ್ಲಿ ಹುಟ್ಟುವ ಔತ್ಸುಕ್ಯವೆಂದು ವಿವರಿಸುತ್ತಾರೆ.

ಇದರಿಂದ ಮೂರು ಹಂತಗಳು ಸ್ಪಷ್ಟವಾಗುತ್ತವೆ. ಮಾವಿನ ಹಣ್ಣು ನಾಲಗೆಗೆ ಹಿತವಾಗುವುದು ಸಾತ. ಆ ಹಿತದ ಕಡೆಗೆ ಮನಸ್ಸು ಹಾತೊರೆಯುವುದು ರತಿ. ಅದು ತನ್ನದೇ ಆಗಿರಬೇಕು, ಇನ್ನೂ ಬೇಕು ಎಂಬ ಹಿಡಿತ ಲೋಭ. ಸಾಮಾನ್ಯ ಅನುಭವದಲ್ಲಿ ಈ ಮೂರೂ ಒಂದೇ ಕ್ಷಣದಲ್ಲಿ ಬೆರೆತು ಬರುವುದರಿಂದ ಅವು ಒಂದೇ ಎಂದು ತೋರುತ್ತವೆ. ಶಾಸ್ತ್ರವು ಅವುಗಳನ್ನು ಬಿಡಿಸಿಟ್ಟಿದೆ. ಈ ವಿಭಜನೆ ಕೇವಲ ಪಟ್ಟಿ ಮಾಡುವ ಹವ್ಯಾಸವಲ್ಲ ಎಂಬುದಕ್ಕೆ ಕೇವಲಿಯ ಸ್ಥಿತಿಯೇ ಸಾಕ್ಷಿ. ಕೇವಲಜ್ಞಾನಿಯಲ್ಲಿ ಮೋಹನೀಯವು ಪೂರ್ಣವಾಗಿ ಕ್ಷಯಿಸಿರುತ್ತದೆ. ವೇದನೀಯವಾದರೋ ಅಘಾತಿಕರ್ಮವಾದ್ದರಿಂದ ದೇಹವಿರುವ ತನಕ ಉಳಿದಿರುತ್ತದೆ. ಅಂದರೆ ಸಾತವಿದ್ದೂ ರತಿಯಿಲ್ಲದ ಒಂದು ಅವಸ್ಥೆಯನ್ನು ಸಿದ್ಧಾಂತವು ಒಪ್ಪುತ್ತದೆ.

ಇದೇ ಅಧ್ಯಾಯದ ಕೊನೆಯಲ್ಲಿ ಸಂಶೋಧಕರು ಗಮನಿಸಬೇಕಾದ ಪಾಠಭೇದವೊಂದಿದೆ. ಪುಣ್ಯಪ್ರಕೃತಿಗಳನ್ನು ಹೇಳುವ ಸೂತ್ರದ ದಿಗಂಬರ ಪಾಠದಲ್ಲಿ ಸಾತವೇದನೀಯ ಹಾಗೂ ಶುಭವಾದ ಆಯು, ನಾಮ, ಗೋತ್ರಗಳು ಮಾತ್ರ ಇವೆ. ಶ್ವೇತಾಂಬರ ಪಾಠವು ಇವುಗಳೊಡನೆ ಸಮ್ಯಕ್ತ್ವ, ಹಾಸ್ಯ, ರತಿ, ಪುರುಷವೇದಗಳನ್ನೂ ಪುಣ್ಯದಲ್ಲಿ ಸೇರಿಸುತ್ತದೆ. ನಗುವೂ ಒಲವೂ ಪುಣ್ಯದ ಕಡೆಗೆ ಸೇರಬೇಕೆ, ಬೇಡವೆ ಎಂಬ ಪ್ರಶ್ನೆ ಪರಂಪರೆಯ ಒಳಗೇ ಜೀವಂತವಾಗಿತ್ತೆಂಬುದನ್ನು ಇದು ತೋರಿಸುತ್ತದೆ. ಕರ್ನಾಟಕದ ಕವಿಗಳು ದಿಗಂಬರ ಪಾಠದ ಹಿನ್ನೆಲೆಯವರು. ಸಾತ ಪುಣ್ಯದ ಫಲ, ರತಿ ಹಾಗಲ್ಲ ಎಂಬ ಗಡಿ ಅವರ ಕಾವ್ಯಗಳಲ್ಲಿ ಖಚಿತವಾಗಿದೆ.

ಸುಖವೇ ಪಾಪವೇ?

ಕುಂದಕುಂದಾಚಾರ್ಯರ ಪ್ರವಚನಸಾರವು ಇಂದ್ರಿಯಸುಖದಲ್ಲಿ ಐದು ಕೊರತೆಗಳನ್ನು ಗುರುತಿಸುತ್ತದೆ. ಅದು ಪರಾಧೀನ, ಬಾಧೆಗಳಿಂದ ಕೂಡಿದ್ದು, ನಡುನಡುವೆ ಕಡಿದುಹೋಗುವಂಥದು, ಬಂಧಕ್ಕೆ ಕಾರಣವಾದುದು, ಏರಿಳಿತವುಳ್ಳದ್ದು. ಈ ಐದರಲ್ಲಿ ಬಂಧಕಾರಣವೆಂಬ ಒಂದನ್ನುಳಿದು ಮಿಕ್ಕವು ನೀತಿಯ ಮಾತುಗಳಲ್ಲ. ಅನುಭವದ ರಚನೆಯನ್ನು ಕುರಿತ ಅವಲೋಕನಗಳು. ಸುಖಕ್ಕೆ ಇನ್ನೊಂದು ವಸ್ತು ಬೇಕು, ಅದು ಎಡೆಬಿಡದೆ ಉಳಿಯದು, ಉಳಿದಷ್ಟು ಹೊತ್ತೂ ಒಂದೇ ಮಟ್ಟದಲ್ಲಿರದು ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು.

ಇಲ್ಲಿಂದ ಮುಂದೆ ಒಂದು ಅಪಾಯಕರವಾದ ತರ್ಕ ಹುಟ್ಟಬಹುದು. ಸುಖ ಬಂಧಕವಾದರೆ ತನಗೆ ತಾನು ನೋವು ಕೊಟ್ಟುಕೊಳ್ಳುವುದೇ ಪುಣ್ಯವಲ್ಲವೆ? ಈ ತರ್ಕವನ್ನು ಸಮಂತಭದ್ರರು ಆಪ್ತಮೀಮಾಂಸೆಯ ಕೊನೆಯ ಭಾಗದಲ್ಲಿ ನೇರವಾಗಿ ಎದುರಿಸುತ್ತಾರೆ. ಪರರಿಗೆ ದುಃಖ ಕೊಡುವುದೇ ಪಾಪ, ಸುಖ ಕೊಡುವುದೇ ಪುಣ್ಯ ಎಂದು ಏಕಾಂತವಾಗಿ ಹೇಳಿದರೆ ಅಚೇತನ ವಸ್ತುಗಳಿಗೂ ಕಷಾಯರಹಿತರಿಗೂ ಬಂಧ ಒದಗಬೇಕಾಗುತ್ತದೆ. ಮುಳ್ಳು ನೋವು ಕೊಡುತ್ತದೆ, ಹಾಲು ಸುಖ ಕೊಡುತ್ತದೆ. ಇದಕ್ಕೆ ಪ್ರತಿಯಾಗಿ, ತನಗೆ ದುಃಖವಾದರೆ ಪುಣ್ಯ, ಸುಖವಾದರೆ ಪಾಪ ಎಂದರೆ ತಪಸ್ಸಿನ ಕಷ್ಟವನ್ನೂ ಜ್ಞಾನದ ಸಂತೋಷವನ್ನೂ ಅನುಭವಿಸುವ ವೀತರಾಗ ಮುನಿಗೆ ಎರಡೂ ಅಂಟಬೇಕಾಗುತ್ತದೆ. ಆದ್ದರಿಂದ ತನ್ನಲ್ಲಾಗಲಿ ಪರರಲ್ಲಾಗಲಿ ಉಂಟಾಗುವ ಸುಖದುಃಖಗಳು ಪರಿಣಾಮದ ವಿಶುದ್ಧಿಗೆ ಅಂಗವಾದಾಗ ಪುಣ್ಯಕ್ಕೂ ಸಂಕ್ಲೇಶಕ್ಕೆ ಅಂಗವಾದಾಗ ಪಾಪಕ್ಕೂ ದಾರಿಯಾಗುತ್ತವೆ. ಎರಡೂ ಅಲ್ಲದಾಗ ಅವು ನಿಷ್ಫಲ. ಪೂಜ್ಯಪಾದರು ಇದೇ ವಿಚಾರಕ್ಕೆ ವೈದ್ಯನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಕರುಣೆಯಿಂದ ಮುನಿಯ ಕುರುವನ್ನು ಸೀಳುವ ವೈದ್ಯನು ನೋವಿಗೆ ಕಾರಣನಾದರೂ ಅಷ್ಟರಿಂದಲೇ ಪಾಪಿಯಾಗುವುದಿಲ್ಲ.

ಸುಖದ ಮೌಲ್ಯವು ಸುಖದಲ್ಲಿ ಇಲ್ಲ, ಅದಕ್ಕೆ ಆಧಾರವಾದ ಮನೋಪರಿಣಾಮದಲ್ಲಿದೆ ಎಂಬುದು ಈ ಚರ್ಚೆಯ ಸಾರ. ಇದರ ಇನ್ನೊಂದು ಮುಖ ರೌದ್ರಧ್ಯಾನದ ವಿವರಣೆಯಲ್ಲಿ ಕಾಣುತ್ತದೆ. ಹಿಂಸೆ, ಅಸತ್ಯ, ಕಳವು, ವಿಷಯಸಂರಕ್ಷಣೆಗಳಲ್ಲಿ ನೆಲೆಗೊಳ್ಳುವ ಈ ನಾಲ್ಕು ಬಗೆಯ ಧ್ಯಾನಗಳಿಗೆ ಶುಭಚಂದ್ರರ ಜ್ಞಾನಾರ್ಣವದಂಥ ಗ್ರಂಥಗಳು ಹಿಂಸಾನಂದ, ಮೃಷಾನಂದ, ಚೌರ್ಯಾನಂದ, ಸಂರಕ್ಷಣಾನಂದ ಎಂದು ಹೆಸರಿಟ್ಟಿವೆ. ನಾಲ್ಕರಲ್ಲೂ 'ಆನಂದ'ವೆಂಬ ಪದವಿದೆ. ಕೊಲ್ಲುವವನಿಗೂ ವಂಚಿಸುವವನಿಗೂ ನಿಜವಾದ ಹರ್ಷ ಉಂಟಾಗುತ್ತದೆಂಬುದನ್ನು ಮರೆಮಾಚದೆ ಒಪ್ಪಿ, ಆ ಹರ್ಷವನ್ನೇ ಅತ್ಯಂತ ಅಧೋಗತಿಯ ಕಾರಣವೆಂದು ಆಚಾರ್ಯರು ಹೇಳಿದರು. ಹಿತವೆನಿಸಿದ್ದೆಲ್ಲ ಒಳ್ಳೆಯ ಭಾವವಲ್ಲ.

ಮೂರು ಕಾಲಗಳ ಸುಖ

ಗೃಹಸ್ಥನಿಗೆ ಶಾಸ್ತ್ರವು ಸುಖತ್ಯಾಗವನ್ನು ವಿಧಿಸಲಿಲ್ಲ, ಭೋಗೋಪಭೋಗಪರಿಮಾಣವನ್ನು ವಿಧಿಸಿತು. ಒಮ್ಮೆ ಅನುಭವಿಸಿ ಬಿಡುವ ಆಹಾರಾದಿಗಳು ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರಾದಿಗಳು ಉಪಭೋಗ. ಸಮಂತಭದ್ರರದೆಂದು ಪರಂಪರೆಯು ಹೇಳುವ ರತ್ನಕರಂಡಕ ಶ್ರಾವಕಾಚಾರವು ಈ ಮಿತಿಯನ್ನು ಒಂದು ಹಗಲು, ಒಂದು ಇರುಳು, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂಬಂತೆ ಕಾಲಪ್ರಮಾಣದಿಂದ ಹಾಕಿಕೊಳ್ಳಬಹುದೆನ್ನುತ್ತದೆ. ಅದೇ ಗ್ರಂಥವು ಹೇಳುವ ಈ ವ್ರತದ ಅತಿಚಾರಗಳು ಮನಶ್ಶಾಸ್ತ್ರದ ದೃಷ್ಟಿಯಿಂದ ಅಮೂಲ್ಯವಾದವು. ವಿಷಯಗಳ ಬಗೆಗೆ ಉಪೇಕ್ಷೆ ಹುಟ್ಟದಿರುವುದು, ಅನುಭವಿಸಿ ಮುಗಿದ ಸುಖವನ್ನು ಮತ್ತೆ ಮತ್ತೆ ನೆನೆಯುವುದು, ಇರುವ ಸುಖದಲ್ಲಿ ಅತಿಯಾದ ಲಾಲಸೆ, ಬರಲಿರುವ ಸುಖಕ್ಕೆ ಅತಿಯಾದ ತೃಷ್ಣೆ, ಅತಿಯಾದ ಅನುಭವ ಎಂಬ ಐದರಲ್ಲಿ ನಡುವಿನ ಮೂರು ಭೂತ, ವರ್ತಮಾನ, ಭವಿಷ್ಯತ್ ಕಾಲಗಳಿಗೆ ಸರಿಹೊಂದುತ್ತವೆ. ಸಲ್ಲೇಖನವ್ರತದ ಅತಿಚಾರಗಳಲ್ಲಿಯೂ ಹಿಂದಿನ ಸುಖವನ್ನು ನೆನೆಯುವ 'ಸುಖಾನುಬಂಧ' ಮತ್ತು ಮುಂದಿನ ಸುಖವನ್ನು ಬಯಸುವ 'ನಿದಾನ' ಇವೆ. ತಟ್ಟೆಯಲ್ಲಿರುವ ಅನ್ನವನ್ನು ಮಿತಗೊಳಿಸಿದರೂ ಮನಸ್ಸು ನಿನ್ನೆಯ ಊಟವನ್ನು ಮೆಲುಕುಹಾಕುತ್ತ ನಾಳೆಯ ಊಟವನ್ನು ಕಲ್ಪಿಸುತ್ತ ವ್ರತವನ್ನು ಕೆಡಿಸಬಲ್ಲದೆಂಬ ಎಚ್ಚರ ಇಲ್ಲಿದೆ.

ಪಂಪ: ಮಾಲೆ, ಚಿತ್ರಪಟ, ಧೂಪ, ನೃತ್ಯ

ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ಆದಿಪುರಾಣಕ್ಕೆ ಜಿನಸೇನಾಚಾರ್ಯರ ಸಂಸ್ಕೃತ ಪುರಾಣವು ಆಕರ. ಆದಿನಾಥನ ಭವಾವಳಿಯಲ್ಲಿ ಲಲಿತಾಂಗದೇವನ ಭವವು ಸ್ವರ್ಗಸುಖದ ಪರಾಕಾಷ್ಠೆ. ಸ್ವಯಂಪ್ರಭೆಯೊಡನೆ ಸುಖಿಸುತ್ತಿದ್ದ ಅವನ ಕೊರಳ ಮಾಲೆ ಬಾಡುತ್ತದೆ. ಆಯುಷ್ಯ ಆರು ತಿಂಗಳು ಮಾತ್ರ ಉಳಿದಿದೆಯೆಂಬುದಕ್ಕೆ ಅದು ಸೂಚನೆ. ಸ್ವರ್ಗದಲ್ಲಿ ಏನೂ ಬದಲಾಗಿಲ್ಲ, ಸಂಗಾತಿ ಬದಲಾಗಿಲ್ಲ, ಭೋಗ ಸಾಮಗ್ರಿ ಕುಂದಿಲ್ಲ. ಆದರೂ ಅವನ ಸುಖ ಆ ಗಳಿಗೆಯಿಂದಲೇ ದುಃಖವಾಗುತ್ತದೆ. ಸುಖವು ವಸ್ತುವಿನಲ್ಲಿದ್ದಿದ್ದರೆ ಹೀಗಾಗುವ ಕಾರಣವಿರಲಿಲ್ಲ.

ಮುಂದಿನ ಭವದಲ್ಲಿ ಸ್ವಯಂಪ್ರಭೆ ಶ್ರೀಮತಿಯಾಗಿ, ಲಲಿತಾಂಗ ವಜ್ರಜಂಘನಾಗಿ ಹುಟ್ಟುತ್ತಾರೆ. ಜಾತಿಸ್ಮರಣೆ ಹೊಂದಿದ ಶ್ರೀಮತಿ ಹಿಂದಿನ ಭವದ ಸುಖವನ್ನು ಪಟದಲ್ಲಿ ಚಿತ್ರಿಸುತ್ತಾಳೆ. ಅವಳ ದಾದಿ ಪಂಡಿತೆ ಆ ಪಟವನ್ನು ಜಿನಾಲಯದಲ್ಲಿ ಹರಡಿ ಅದರ ಗುರುತು ಹಿಡಿಯುವವನನ್ನು ಅರಸುತ್ತಾಳೆ. ಒಂದು ಭವದ ಸುಖಾನುಬಂಧವು ಸಾವನ್ನೂ ದಾಟಿ ಇನ್ನೊಂದು ಭವದ ರತಿಗೆ ಬೀಜವಾಗುವ ಬಗೆಯನ್ನು ಪಂಪನು ಈ ಚಿತ್ರಪಟದ ಮೂಲಕ ಕಣ್ಣಿಗೆ ಕಾಣಿಸಿದ್ದಾನೆ. ಕೂಡಿದ ದಂಪತಿಗಳ ಅಂತ್ಯವೂ ಸುಖದಿಂದಲೇ ಬರುತ್ತದೆ. ಶಯ್ಯಾಗೃಹದಲ್ಲಿ ಇಟ್ಟ ಸುಗಂಧಧೂಪದ ಹೊಗೆ, ಗವಾಕ್ಷಗಳು ಮುಚ್ಚಿದ್ದರಿಂದ, ಹೊರಹೋಗದೆ ತುಂಬಿಕೊಂಡು ಅವರ ಉಸಿರು ಕಟ್ಟಿಸುತ್ತದೆ. ಇಲ್ಲಿ ಶತ್ರುವಿಲ್ಲ, ರೋಗವಿಲ್ಲ, ಪಾಪದ ಶಿಕ್ಷೆಯೂ ಇಲ್ಲ. ಹೊರಗಾಳಿಗೆ ಎಡೆಯಿಲ್ಲದಂತೆ ಮುಚ್ಚಿಕೊಂಡ ಸುಖ ತಾನೇ ಮೃತ್ಯುವಾಗುತ್ತದೆ. ಕವಿಯು ಈ ಪ್ರಣಯವನ್ನು ಹೀಗಳೆಯುವುದಿಲ್ಲ. ಅದರ ಚೆಲುವನ್ನು ಪೂರ್ಣವಾಗಿ ಕಡೆದಿಟ್ಟ ಮೇಲೆಯೇ ಹೊಗೆಯನ್ನು ತುಂಬಿಸುತ್ತಾನೆ.

ನೀಲಾಂಜನೆಯ ಪ್ರಸಂಗವು ಈ ಸರಣಿಯ ಶಿಖರ. ಆಯುಷ್ಯ ಮುಗಿಯಲಿದ್ದ ದೇವನರ್ತಕಿಯನ್ನು ಇಂದ್ರನು ವೃಷಭನ ಆಸ್ಥಾನಕ್ಕೆ ಕರೆತರುತ್ತಾನೆ. ನೃತ್ಯದ ನಡುವೆ ಅವಳು ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಅದೇ ಕ್ಷಣದಲ್ಲಿ ಅವಳಂಥದೇ ಇನ್ನೊಂದು ರೂಪವನ್ನು ನಿರ್ಮಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ, ವೃಷಭನೊಬ್ಬನಿಗೆ ತಿಳಿಯುತ್ತದೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ಜೀವನದ ಅನಿತ್ಯತೆಗೆ ದೃಷ್ಟಾಂತವಾಗಿ ಓದಲಾಗುತ್ತದೆ. ಅಷ್ಟೇ ಮುಖ್ಯವಾದುದು ಸಭೆಯ ಸ್ಥಿತಿ. ಅವರು ಸವಿಯುತ್ತಿದ್ದ ನರ್ತಕಿ ಇಲ್ಲವಾದರೂ ಅವರ ಸುಖಕ್ಕೆ ಕುಂದು ಬರಲಿಲ್ಲ. ಹಾಗಾದರೆ ಅವರು ಸವಿಯುತ್ತಿದ್ದುದು ಯಾರನ್ನು? ಕುಂದಕುಂದರು 'ನಡುನಡುವೆ ಕಡಿದುಹೋಗುವಂಥದು' ಎಂದು ಹೇಳಿದ ಸುಖದ ಆ ಕಡಿತವನ್ನು ಇಂದ್ರನು ತೇಪೆಹಾಕಿ ಮರೆಸಿದನು. ಸುಖದ ಧಾರೆ ಅಖಂಡವೆಂದು ತೋರುವುದು ಇಂಥ ತೇಪೆಗಳಿಂದ ಎಂಬ ಅರಿವೇ ವೃಷಭನ ವೈರಾಗ್ಯ. ಅದು ಸುಖದ ಮೇಲಿನ ಕೋಪದಿಂದ ಹುಟ್ಟಿದುದಲ್ಲ, ಎಚ್ಚರದ ನೋಟದಿಂದ ಹುಟ್ಟಿದುದು.

ಜನ್ನ: ವಸ್ತುವಿಲ್ಲದ ರತಿ

ಪಂಪನು ಸುಖದ ಅಸ್ಥಿರತೆಯನ್ನು ತೋರಿಸಿದರೆ, 1209ರಲ್ಲಿ ಯಶೋಧರಚರಿತೆಯನ್ನು ರಚಿಸಿದ ಜನ್ನನು ರತಿಯ ಸ್ವತಂತ್ರ ಬಲವನ್ನು ತೋರಿಸಿದನು. ಅಮೃತಮತಿಗೆ ಪತಿಯ ಪ್ರೀತಿ, ಅರಮನೆ, ಯೌವನ ಎಲ್ಲವೂ ಇವೆ. ಅಂದರೆ ಸಾತಕ್ಕೆ ಕೊರತೆಯಿಲ್ಲ. ಇರುಳಿನಲ್ಲಿ ಕಿವಿಗೆ ಬಿದ್ದ ಮಾವತನ ಹಾಡು ಅವಳ ಮನಸ್ಸನ್ನು ಸೆಳೆಯುತ್ತದೆ. ನೋಡಿಬಂದ ಸಖಿ ಅವನ ವಿಕಾರರೂಪವನ್ನು ಅಸಹ್ಯದಿಂದ ಬಣ್ಣಿಸಿದರೂ ಸೆಳೆತ ಕುಗ್ಗುವುದಿಲ್ಲ. ಮುಂದೆ ಅವನ ಕೈಯ ಪೆಟ್ಟು ಕೂಡ ಅವಳನ್ನು ಬಿಡಿಸಲಾರದು. ಹಿತಾನುಭವ ಇಲ್ಲವಾದ ಮೇಲೂ ಔತ್ಸುಕ್ಯ ಮುಂದುವರಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ನಿಷ್ಠುರವಾದ ಉದಾಹರಣೆ ಕನ್ನಡದಲ್ಲಿ ವಿರಳ. ಸಾತ ಮತ್ತು ರತಿಗಳನ್ನು ಶಾಸ್ತ್ರವು ಬೇರೆ ಬೇರೆ ಕರ್ಮಗಳಲ್ಲಿ ಇಟ್ಟದ್ದು ಏಕೆಂಬುದಕ್ಕೆ ಅಮೃತಮತಿಯ ಪಾತ್ರವೇ ಭಾಷ್ಯ.

ಪ್ರಮೋದ: ಬೆಳೆಸಿಕೊಳ್ಳಬೇಕಾದ ಹರ್ಷ

ಬಿಡಬೇಕಾದ ಭಾವಗಳ ಜೊತೆಗೆ ರೂಢಿಸಿಕೊಳ್ಳಬೇಕಾದ ಭಾವಗಳನ್ನೂ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಉಪದೇಶಕ್ಕೆ ಬಗ್ಗದವರಲ್ಲಿ ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಪ್ರಮೋದವು ಶುದ್ಧ ಹರ್ಷದ ಭಾವ. ತನಗಿಂತ ಗುಣದಲ್ಲಿ ಹಿರಿಯರಾದವರನ್ನು ಕಂಡಾಗ ಮುಖ ಅರಳುವುದೇ ಮೊದಲಾದ ಚಿಹ್ನೆಗಳಿಂದ ಹೊರಗೆ ತೋರುವ ಒಳಗಿನ ಭಕ್ತಿ ಮತ್ತು ಅನುರಾಗ ಎಂದು ಪೂಜ್ಯಪಾದರು ಅದನ್ನು ವಿವರಿಸುತ್ತಾರೆ. ಪರರ ಹಿರಿಮೆಯನ್ನು ಕಂಡು ಮನಸ್ಸು ಸಹಜವಾಗಿ ಹೋಗುವುದು ಮಾತ್ಸರ್ಯದ ಕಡೆಗೆ. ಆರನೆಯ ಅಧ್ಯಾಯದ ಪ್ರಕಾರ ಜ್ಞಾನದ ವಿಷಯದಲ್ಲಿ ತೋರುವ ಮಾತ್ಸರ್ಯವು ಜ್ಞಾನಾವರಣಕರ್ಮದ ಆಸ್ರವಕ್ಕೆ ಕಾರಣ. ಬೇರೆಯವರ ಪಾಂಡಿತ್ಯವನ್ನು ಸಹಿಸದವನ ಅರಿವಿಗೇ ಮುಸುಕು ಬೀಳುತ್ತದೆ. ಅದನ್ನು ಕಂಡು ಹರ್ಷಿಸುವವನ ಅರಿವು ತೆರೆಯುತ್ತದೆ.

ಈ ಹರ್ಷಕ್ಕೆ ಕರ್ನಾಟಕದ ಇತಿಹಾಸದಲ್ಲಿ ಪ್ರತ್ಯಕ್ಷ ಫಲವೂ ಇದೆ. ಶ್ರಾವಕಾಚಾರ ಪರಂಪರೆಯು ದಾತೃವಿನ ಏಳು ಗುಣಗಳಲ್ಲಿ ಶ್ರದ್ಧೆ, ಭಕ್ತಿಗಳ ಜೊತೆಗೆ 'ತುಷ್ಟಿ'ಯನ್ನೂ ಸೇರಿಸುತ್ತದೆ; ಕೊಡುವಾಗ ಸಂತೋಷವಿಲ್ಲದಿದ್ದರೆ ದಾನ ಪೂರ್ಣವಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. 993ರಲ್ಲಿ ರನ್ನನ ಅಜಿತಪುರಾಣ ಹುಟ್ಟಿದ್ದು ಅವಳ ಆಶ್ರಯದಲ್ಲಿ. ಲಕ್ಕುಂಡಿಯ ಬಸದಿಯ 1007ರ ಶಾಸನ ಅವಳ ಕೀರ್ತಿಯನ್ನು ಸಾರುತ್ತದೆ. ಯೌವನದಲ್ಲೇ ಪತಿಯನ್ನೂ, ಪತಿಯೊಡನೆ ಸಹಗಮನ ಮಾಡಿದ ತಂಗಿ ಗುಂಡಮಬ್ಬೆಯನ್ನೂ ಕಳೆದುಕೊಂಡ ಹೆಣ್ಣುಮಗಳ ಬಾಳು ಶೋಕದಲ್ಲಿ ಮುಗಿದಿದ್ದರೆ ಆಶ್ಚರ್ಯವಿರಲಿಲ್ಲ. ಇನ್ನೊಬ್ಬರ ಕವಿತ್ವವನ್ನು ಕಂಡು ಹರ್ಷಿಸುವ, ಆ ಹರ್ಷವನ್ನು ಓಲೆಗರಿಗಳ ಮೂಲಕ ಹಂಚುವ ದಾರಿಯನ್ನು ಅವಳು ಹಿಡಿದಳು. ಪ್ರಮೋದವು ಸಂಸ್ಥೆಗಳನ್ನು ಕಟ್ಟಬಲ್ಲ ಭಾವವೆಂಬುದನ್ನು ಈ ಬಾಳು ತೋರಿಸುತ್ತದೆ.

ರತ್ನಾಕರವರ್ಣಿ: ಭೋಗವಿಜಯ

ಹದಿನಾರನೆಯ ಶತಮಾನದ ಮೂಡಬಿದಿರೆಯ ರತ್ನಾಕರವರ್ಣಿಯು ಭರತೇಶವೈಭವದಲ್ಲಿ ಸಾತ-ರತಿಗಳ ಭೇದವನ್ನು ಅದರ ತುದಿಯವರೆಗೆ ಕೊಂಡೊಯ್ದನು. ಸಾಂಗತ್ಯದಲ್ಲಿ ರಚಿತವಾದ ಈ ಬೃಹತ್ಕಾವ್ಯದ ಐದು ವಿಜಯಗಳಲ್ಲಿ ಮೊದಲನೆಯದು ಭೋಗವಿಜಯ. ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯಗಳು ಅನಂತರ ಬರುತ್ತವೆ. ತೊಂಬತ್ತಾರು ಸಾವಿರ ರಾಣಿಯರ ಒಡೆಯನಾದ ಭರತನು ಊಟ, ಸಂಗೀತ, ನೃತ್ಯ, ಸರಸಸಲ್ಲಾಪಗಳಲ್ಲಿ ತೊಡಗಿ, ಅವುಗಳ ನಡುವೆಯೇ ಕಣ್ಣುಮುಚ್ಚಿ ಆತ್ಮಧ್ಯಾನಕ್ಕೆ ಇಳಿಯುತ್ತಾನೆ. 'ಭೋಗವಿಜಯ'ವೆಂಬ ಹೆಸರನ್ನು ಭೋಗದ ವಿಜಯವೆಂದೂ ಭೋಗದ ಮೇಲಿನ ವಿಜಯವೆಂದೂ ಬಿಡಿಸಬಹುದು. ಕಾವ್ಯವು ಎರಡು ಅರ್ಥಗಳನ್ನೂ ಹಿಡಿದಿದೆ.

ಪಂಪನಲ್ಲಿ ವೈರಾಗ್ಯಕ್ಕೆ ಒಂದು ಆಘಾತ ಬೇಕಾಗುತ್ತದೆ. ರತ್ನಾಕರನ ಭರತನಿಗೆ ಅಂಥ ಆಘಾತ ಬೇಡ, ಏಕೆಂದರೆ ಅವನ ಸುಖದಲ್ಲಿ ಹಿಡಿತವೇ ಇಲ್ಲ. ಇದು ಸಿದ್ಧಾಂತದ ದೃಷ್ಟಿಯಿಂದ ಸಾಹಸವೇ ಸರಿ. ಗೃಹಸ್ಥನಲ್ಲಿ ರತಿಯು ಪೂರ್ಣವಾಗಿ ಅಳಿದಿರಲು ಶಾಸ್ತ್ರದ ಪ್ರಕಾರ ಸಾಧ್ಯವಿಲ್ಲ; ಅದು ಉಪಶಮ ಅಥವಾ ಕ್ಷಯ ಹೊಂದುವುದು ಮುನಿಯು ಏರುವ ಮೇಲಿನ ಗುಣಸ್ಥಾನಗಳಲ್ಲಿ. ಸಮ್ಯಗ್ದೃಷ್ಟಿಯಾದ ಚಕ್ರವರ್ತಿಯಲ್ಲಿ ಅದರ ಬಲ ಎಷ್ಟು ಕುಂದಬಹುದೆಂಬುದನ್ನು ಕವಿಯು ಕಲ್ಪನೆಯ ಮೂಲಕ ಪರೀಕ್ಷಿಸಿದ್ದಾನೆ. ಹಾಗಾಗಿ ಈ ಕಾವ್ಯವು ಭೋಗಕ್ಕೆ ಪರವಾನಗಿ ಕೊಡುತ್ತದೆ ಎಂಬ ಓದು ಎಷ್ಟು ಏಕಾಂತವೋ, ಇದು ಕೇವಲ ಆದರ್ಶೀಕರಣವೆಂಬ ಓದೂ ಅಷ್ಟೇ ಏಕಾಂತ.

ಆಧುನಿಕ ಮನಶ್ಶಾಸ್ತ್ರದೊಡನೆ

ಮನಶ್ಶಾಸ್ತ್ರವು ಬಹುಕಾಲ ರೋಗ, ಭಯ, ಖಿನ್ನತೆಗಳತ್ತಲೇ ಹೆಚ್ಚು ಗಮನವಿಟ್ಟಿತ್ತು. 1998ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್ಮನ್ ಅವರ ಕರೆಯಿಂದ ಧನಾತ್ಮಕ ಮನಶ್ಶಾಸ್ತ್ರವು ಒಂದು ಶಾಖೆಯಾಗಿ ಬೆಳೆಯಿತು. ಅದಕ್ಕೂ ಮೊದಲು 1971ರಲ್ಲಿ ಬ್ರಿಕ್‌ಮನ್ ಮತ್ತು ಕ್ಯಾಂಬೆಲ್ ಮನುಷ್ಯನು ಹೊಸ ಸುಖಕ್ಕೆ ಬೇಗನೆ ಒಗ್ಗಿಕೊಂಡು ಮತ್ತೆ ಇನ್ನೊಂದರ ಹಿಂದೆ ಓಡುವ ಬಗೆಯನ್ನು ಗುರುತಿಸಿದ್ದರು. ಮಿಚಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರ್ರಿ ರಾಬಿನ್ಸನ್ ಇಲಿಗಳ ಮೇಲಿನ ಪ್ರಯೋಗಗಳಿಂದ ಸವಿಯುವಿಕೆ ಮತ್ತು ಬಯಕೆ ಮೆದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳನ್ನು ಅವಲಂಬಿಸಿವೆ ಎಂದು ತೋರಿಸಿದರು. ಡೋಪಮೈನ್ ಬಹುಪಾಲು ಇಲ್ಲವಾದ ಇಲಿ ಸಿಹಿಯನ್ನು ಅರಸಿ ಹೋಗದು, ಆದರೆ ಬಾಯಿಗೆ ಇಟ್ಟರೆ ಸವಿಯುತ್ತದೆ. 1993ರಲ್ಲಿ ಅವರು ವ್ಯಸನವನ್ನು ಸವಿ ಹೆಚ್ಚದಿದ್ದರೂ ಬಯಕೆ ಮಾತ್ರ ಉಲ್ಬಣಿಸುವ ಸ್ಥಿತಿಯೆಂದು ವಿವರಿಸಿದರು. ಸಾತ-ರತಿಗಳ ವಿಭಾಗವನ್ನೂ ಅಮೃತಮತಿಯನ್ನೂ ಇದು ನೆನಪಿಗೆ ತರುತ್ತದೆ. ಜೊನಾಥನ್ ಹೈಟ್ 2000ದಲ್ಲಿ ವಿವರಿಸಿದ, ಪರರ ಸದ್ಗುಣವನ್ನು ಕಂಡಾಗ ಮನಸ್ಸು ಮೇಲೇರುವ ಭಾವವು ಪ್ರಮೋದಕ್ಕೆ ಬಹಳ ಸಮೀಪದ್ದು.

ಈ ಹೋಲಿಕೆಗಳಿಂದ 'ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು' ಎಂಬ ನಿರ್ಣಯಕ್ಕೆ ಹಾರುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅನ್ಯಾಯ. ಎರಡರ ವಿಧಾನ ಬೇರೆ, ಗುರಿಯೂ ಬೇರೆ. ಫ್ರೆಡ್ ಬ್ರಯಂಟ್ ಮತ್ತು ಜೋಸೆಫ್ ವೆರಾಫ್ 2007ರ ತಮ್ಮ ಗ್ರಂಥದಲ್ಲಿ ಸುಖವನ್ನು ನಿರೀಕ್ಷೆಯಲ್ಲಿ, ಅನುಭವದ ಕ್ಷಣದಲ್ಲಿ, ನೆನಪಿನಲ್ಲಿ ಸವಿಯುವ ಸಾಮರ್ಥ್ಯವನ್ನು ವಿಶ್ಲೇಷಿಸಿ ಅದನ್ನು ಬೆಳೆಸಿಕೊಳ್ಳಬೇಕೆಂದರು. ರತ್ನಕರಂಡಕವು ಅದೇ ಮೂರು ಕಾಲಗಳನ್ನು ಗುರುತಿಸಿ ಅವುಗಳ ಅತಿರೇಕವನ್ನು ವ್ರತಭಂಗವೆಂದಿತು. 2013ರ ಒಂದು ಅಧ್ಯಯನದಲ್ಲಿ ಒಂದು ವಾರ ಚಾಕೊಲೇಟನ್ನು ಬಿಟ್ಟವರು ಮತ್ತೆ ತಿಂದಾಗ ಹೆಚ್ಚು ಸುಖಪಟ್ಟರು. ನಿಯಮವ್ರತ ಹಿಡಿದ ಶ್ರಾವಕನೂ ಒಂದು ಪಕ್ಷ ಒಂದು ವಸ್ತುವನ್ನು ಬಿಡುತ್ತಾನೆ. ಅದರ ಸವಿ ಹೆಚ್ಚಲಿ ಎಂದಲ್ಲ, ಅದರ ಮೇಲಿನ ಹಿಡಿತ ಸಡಿಲವಾಗಲಿ ಎಂದು. ಅವಲೋಕನ ಒಂದೇ ಆದರೂ ಮೌಲ್ಯ ಬೇರೆಯಾಗುವ ಈ ಬಿಂದುವಿನಲ್ಲಿಯೇ ತೌಲನಿಕ ಅಧ್ಯಯನಕ್ಕೆ ನಿಜವಾದ ಕೆಲಸವಿದೆ.

ಜೈನಕಾವ್ಯಗಳ ಭೋಗವರ್ಣನೆಯನ್ನು ಧರ್ಮದ ಕಟ್ಟಿನಿಂದ ಕವಿ ಪಡೆದ ಬಿಡುವೆಂದು ಓದುವುದಾದರೆ ಈ ಎಲ್ಲ ಸೂಕ್ಷ್ಮಗಳು ಕೈತಪ್ಪುತ್ತವೆ. ಸುಖವು ಹೇಗೆ ಹುಟ್ಟುತ್ತದೆ, ಯಾವಾಗ ಹಿಡಿತವಾಗುತ್ತದೆ, ಯಾವುದು ಕಟ್ಟಿಹಾಕುತ್ತದೆ, ಯಾವುದು ಅರಳಿಸುತ್ತದೆ ಎಂಬ ಪ್ರಶ್ನೆಗಳಿಗೆ ಶಾಸ್ತ್ರಕಾರರು ಪರಿಭಾಷೆಯನ್ನು ಕೊಟ್ಟರು. ಕವಿಗಳು ಆ ಪರಿಭಾಷೆಗೆ ಬಾಡಿದ ಮಾಲೆಯನ್ನು, ಕಿಟಕಿ ಮುಚ್ಚಿದ ಶಯ್ಯಾಗೃಹವನ್ನು, ಇರುಳಿನ ಹಾಡನ್ನು ಕೊಟ್ಟರು. 'ಭೋಗದಿಂದ ತ್ಯಾಗಕ್ಕೆ' ಎಂಬ ಸೂತ್ರವನ್ನು 'ರತಿಯಿಂದ ಅನಂತಸುಖಕ್ಕೆ' ಎಂದು ತಿದ್ದಿ ಓದಿದರೆ ಈ ಕಾವ್ಯಗಳ ಆರಂಭವೂ ಅಂತ್ಯವೂ ಒಂದೇ ಶೋಧದ ಎರಡು ತುದಿಗಳಾಗಿ ಕಾಣುತ್ತವೆ.